ಯಂತ್ರಕ್ಕೆ ರಾಹುಕಾಲ ಇಲ್ಲ

ಹೋದ ತಿಂಗಳು ಪುತ್ತೂರಿನ ಒಂದು ಸಭಾಭವನದಲ್ಲಿ ಅವರಿಗೆ ಶ್ರದ್ಧಾಂಜಲಿ ಸಭೆ ನಡೆಯಿತು. ನಾಲ್ಕು ಗಂಟೆಗೆಂದು ಕರೆದದ್ದು ನಾಲ್ಕೂ ಮುಕ್ಕಾಲಿಗೆ ಶುರುವಾಯಿತು. ಒಂದು ನಿಮಿಷದ ಮೌನ ಎಂದು ಎದ್ದು ನಿಂತವರು ಇಪ್ಪತ್ತು ಸೆಕೆಂಡು ಆಗುವಷ್ಟರಲ್ಲಿ ಕುರ್ಚಿ ಎಳೆದು ಕೂತರು. ಆಮೇಲೆ ಮಾತಾಡಿದ ಮೂವರಲ್ಲಿ ಇಬ್ಬರು ಅವರ ಸಮಯಪ್ರಜ್ಞೆಯನ್ನು ಹೊಗಳಿದರು. ಕನ್ನಡದಲ್ಲಿ ಸಮಯಕ್ಕೆ ಅಂಟಿಕೊಂಡ ಪದಗಳು ಬೇಕಾದಷ್ಟಿವೆ. ಸಮಯಪ್ರಜ್ಞೆ ಒಂದು, ಸಮಯಪಾಲನೆ ಇನ್ನೊಂದು, ಸಮಯಸಾಧಕತನ ಮತ್ತೊಂದು. ವೇದಿಕೆಯಲ್ಲಿದ್ದವರು ಮೊದಲನೆಯದರಲ್ಲೇ ನಿಂತರು. ನನಗೆ ಮೂರನೆಯದು ನೆನಪಾಗಿ ಕಾಫಿ ನೆತ್ತಿಗೆ ಹತ್ತಿತು. ಕೆಮ್ಮುತ್ತಿದ್ದ ನನ್ನನ್ನು ಕಂಡು ಪಕ್ಕದವರು ದುಃಖ ಉಕ್ಕಿ ಬಂತೆಂದು ಬೆನ್ನು ಸವರಿದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮಕ್ಕಳು ಒಳ್ಳೆಯವರು. ಸಭೆ ಮುಗಿದ ಮೇಲೆ ನನ್ನ ಕೈ ಹಿಡಿದು, ಅಪ್ಪನ ನೆನಪಿಗೆ ಒಂದು ಪುಸ್ತಕ ತರುತ್ತೇವೆ, ನಾಲ್ಕು ಮಾತು ಬರೆದುಕೊಡಿ ಎಂದು ಕೇಳಿಕೊಂಡರು. ಬರೆಯಲು ಕೂತರೆ ನಾಲ್ಕಕ್ಕೆ ನಿಲ್ಲಲಿಲ್ಲ, ಬರೆದದ್ದು ಅವರ ಕೈಗೆ ಕೊಡುವ ಹಾಗೂ ಆಗಲಿಲ್ಲ. ಕೇಂದ್ರದಲ್ಲಿ ನಾವೆಲ್ಲ ಅವರನ್ನು ಡೈರೆಕ್ಟರು ಎನ್ನುತ್ತಿದ್ದೆವು. ಇಲ್ಲಿಯೂ ಹಾಗೆಯೇ ಇರಲಿ.

ಕೇಂದ್ರ ಎಂದರೆ ಗಣಕ ಕೇಂದ್ರ. ಎಂಬತ್ತರ ದಶಕದ ಕೊನೆಯಲ್ಲಿ ಪುತ್ತೂರಿನ ಒಂದು ಟ್ರಸ್ಟಿನವರಿಗೆ ಊರಿಗೆ ಕಂಪ್ಯೂಟರು ತರಬೇಕೆಂಬ ಉಮೇದು ಬಂದು, ಪೇಟೆಯಿಂದ ಸ್ವಲ್ಪ ಹೊರಗೆ ಒಂದು ತಾರಸಿ ಕಟ್ಟಡದಲ್ಲಿ ಅದನ್ನು ತೆರೆದರು. ಈಗ ಅದೇ ಕಟ್ಟಡದಲ್ಲಿ ಟೈಲ್ಸ್ ಅಂಗಡಿ ಇದೆ. ಡೈರೆಕ್ಟರು ಅದಕ್ಕೆ ಮೊದಲು ಮುಂಬಯಿಯಲ್ಲಿ ಒಂದು ಕಚೇರಿಯಲ್ಲಿದ್ದು, ಅಲ್ಲಿ ಗಾಜಿನ ಗೋಡೆಯಾಚೆಗೆ ಕಂಪ್ಯೂಟರನ್ನು ನೋಡಿ ಬಂದವರು. ಪುತ್ತೂರಿನಲ್ಲಿ ಆಗ ಗಾಜಿನಾಚೆಯಿಂದ ನೋಡಿದವರೂ ಬೇರೆ ಯಾರೂ ಇರಲಿಲ್ಲ. ಹಾಗಾಗಿ ಅವರೇ ಡೈರೆಕ್ಟರಾದರು. ಕೆನೆ ಬಣ್ಣದ ಸಫಾರಿ, ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ಕೂದಲು, ಬಲಗೈಯಲ್ಲಿ ವಾಚು. ಎಡಗೈಯಲ್ಲಿ ಕಟ್ಟುವವರು ಸಮಯವನ್ನು ಎಡಗೈಯಿಂದ ನಡೆಸಿಕೊಳ್ಳುವವರು ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಬಂದವರು ತಮ್ಮ ಎಡಗೈಯನ್ನು ಮೇಜಿನ ಕೆಳಗೆ ಇಟ್ಟುಕೊಳ್ಳುತ್ತಿದ್ದರು.

ನಮ್ಮಲ್ಲಿ ಮೂರು ಯುನಿಕ್ಸ್ ಯಂತ್ರಗಳಿದ್ದವು, ದಪ್ಪದೊಂದು ಕೇಬಲಿನಲ್ಲಿ ಒಂದಕ್ಕೊಂದು ಜೋಡಿಸಿದವು. ಹಾಗೆ ಜೋಡಿಸಿದ ಯಂತ್ರಗಳಿಗೆ ಒಂದೊಂದು ಹೆಸರು ಕೊಡಬೇಕಾಗುತ್ತದೆ. ಡೈರೆಕ್ಟರು ಪಂಚಾಂಗ ನೋಡಿ, ಒಂದು ಸೋಮವಾರ ಕುಂಕುಮ ಹಚ್ಚಿ, ಪುತ್ತೂರು, ಸುಳ್ಯ, ಕಡಬ ಎಂದು ನಾಮಕರಣ ಮಾಡಿದರು. ಆವತ್ತಿನಿಂದ ನಮ್ಮ ಕಚೇರಿಯ ಮಾತು ಹೊರಗಿನವರಿಗೆ ಅರ್ಥವಾಗದ ಹಾಗಾಯಿತು. ಟ್ರಸ್ಟಿನ ಕಾರ್ಯದರ್ಶಿ, ಅಡಿಕೆ ವ್ಯಾಪಾರದ ಮನುಷ್ಯ, ಒಮ್ಮೆ ಬಾಗಿಲಲ್ಲಿ ಕಾಲಿಡುವಾಗ ನಾನು ಒಳಗಿಂದ "ಕಡಬ ಸತ್ತಿತು ಸಾರ್, ಸುಳ್ಯ ಬಿಸಿಯಾಗಿದೆ" ಎಂದು ಕೂಗಿದ್ದೆ. ಅವರ ಹೆಂಡತಿಯ ತವರು ಕಡಬ. ಪಾಪ, ಅಲ್ಲೇ ಕೂತುಬಿಟ್ಟರು.

ಮೂರು ಯಂತ್ರಗಳಿಗೆ ಮೂರು ಗಡಿಯಾರ. ಸುಳ್ಯ ದಿನಕ್ಕೊಂದಿಷ್ಟು ಮುಂದೆ ಓಡುತ್ತಿತ್ತು. ಕಡಬ ಕರೆಂಟು ಹೋದಾಗಲೆಲ್ಲ ಹಿಂದೆ ಬೀಳುತ್ತಿತ್ತು, ನಮ್ಮಲ್ಲಿ ಕರೆಂಟು ಹೋಗದ ದಿನವಿರಲಿಲ್ಲ. ಪುತ್ತೂರು ಒಂದಿಷ್ಟು ನೆಟ್ಟಗಿತ್ತು. ಆದರೆ ಪುತ್ತೂರಿನ ಕೀಲಿಮಣೆ ಡೈರೆಕ್ಟರ ಕೈಗೆ ಹತ್ತಿರದಲ್ಲಿತ್ತು, ಅದೇ ಅದರ ಗ್ರಹಚಾರ.

ಯುನಿಕ್ಸಿನ ನೂರಾರು ಆಜ್ಞೆಗಳಲ್ಲಿ ಅವರಿಗೆ ಬರುತ್ತಿದ್ದದ್ದು ಒಂದೇ: ಡೇಟ್. ಗಡಿಯಾರ ತೋರಿಸುವುದೂ ಅದೇ, ತಿದ್ದುವುದೂ ಅದೇ. ತಿದ್ದಲು ಮಾತ್ರ ಯಂತ್ರದ ಯಜಮಾನನ ಪಾಸ್‌ವರ್ಡ್ ಬೇಕು. ಆ ಪಾಸ್‌ವರ್ಡ್ ಗೊತ್ತಿದ್ದದ್ದು ಅವರಿಗೆ ಮತ್ತು ನನಗೆ. ನನಗೆ ಗೊತ್ತಿದ್ದದ್ದು ಕೆಲಸ ನಡೆಯಲಿ ಎಂದು, ಅವರಿಗೆ ಗೊತ್ತಿದ್ದದ್ದು ಅವರು ಡೈರೆಕ್ಟರು ಎಂದು. ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಗೆ ಹೊಂದಿಸಿಕೊಂಡು ಬಂದ ವಾಚನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಒಂದೇ ಬೆರಳಿನಿಂದ ಹತ್ತು ಅಂಕೆಗಳನ್ನು ಒತ್ತುತ್ತಿದ್ದರು. ಒತ್ತಿ ಮುಗಿದ ಮೇಲೆ ಕೈ ಮುಗಿಯುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಸಮಯ ಅಂದ್ರೆ ಎಂತ ಗೊತ್ತುಂಟಾ? ಶಿಸ್ತು ಮಾರಾಯ, ಶಿಸ್ತು" ಎನ್ನುವುದು ವಾಡಿಕೆ. ಉಳಿದೆರಡು ಯಂತ್ರಗಳಿಗೆ ಶಿಸ್ತು ಬೇಡವೇ ಎಂದು ನಾನು ಕೇಳಲಿಲ್ಲ. ಅವು ಮೂಲೆಯಲ್ಲಿದ್ದವು, ಅಲ್ಲಿ ಫ್ಯಾನು ಇರಲಿಲ್ಲ.

ಆ ಹತ್ತು ಅಂಕೆಗಳಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಒಂದು ಏಪ್ರಿಲ್ ಹನ್ನೆರಡರಂದು ಅವರು ದಿನವನ್ನೇ ಮೊದಲು ಒತ್ತಿದರು. ಪುತ್ತೂರು ಒಂದೇ ನೆಗೆತಕ್ಕೆ ಡಿಸೆಂಬರ್ ನಾಲ್ಕಕ್ಕೆ ಹೋಗಿ ಕೂತಿತು. ಸುಳ್ಯ, ಕಡಬಗಳಲ್ಲಿ ಬಿಸು ಹಬ್ಬಕ್ಕೆ ಎರಡು ದಿನ ಇರುವಾಗ ಪುತ್ತೂರಿನಲ್ಲಿ ಸುಬ್ರಹ್ಮಣ್ಯದ ಷಷ್ಠಿಗೆ ಹೊರಡುವ ಕಾಲ. ಆವತ್ತು ಅಲ್ಲಿ ಉಳಿಸಿದ ಕಡತಗಳೆಲ್ಲ ಎಂಟು ತಿಂಗಳು ಮುಂದಿನ ತಾರೀಕು ಹೊತ್ತುಕೊಂಡವು. ಅವನ್ನು ಒಂದೊಂದಾಗಿ ಸರಿಮಾಡಲು ನನಗೆ ಮೂರು ದಿನ ಹಿಡಿಯಿತು. ಹೇಳಿದರೆ ಅವರಿಗೆ ಬೇಸರವೇ ಆಗಲಿಲ್ಲ.

"ನಮ್ಮಲ್ಲಿ ದಿನ ಮೊದಲು, ತಿಂಗಳು ಆಮೇಲೆ" ಎಂದರು. "ನಾವು ಕಲಿಯುದು ಎಂತಕ್ಕೆ? ಮಿಶಿನ್ ಕಲೀಲಿ."

ರಾಹುಕಾಲದ ವಿಷಯದಲ್ಲಿ ಮಾತ್ರ ಅವರಿಗೆ ಎಡವಟ್ಟು ಆಗುತ್ತಿರಲಿಲ್ಲ. ಸೋಮವಾರ ಏಳೂವರೆಯಿಂದ, ಮಂಗಳವಾರ ಮೂರರಿಂದ, ಶುಕ್ರವಾರ ಹತ್ತೂವರೆಯಿಂದ, ಒಂದೂವರೆ ಗಂಟೆ ಹೊತ್ತು ಕೇಂದ್ರದಲ್ಲಿ ಹೊಸತಾಗಿ ಏನನ್ನೂ ಶುರುಮಾಡುವಂತಿಲ್ಲ. ಓಡುತ್ತಿದ್ದದ್ದು ಓಡಬಹುದು. ಸೋಮವಾರಗಳಂದು ಬೆಳಿಗ್ಗೆ ಏಳೂ ಇಪ್ಪತ್ತಕ್ಕೇ ಬಂದು ಮೂರೂ ಯಂತ್ರಗಳನ್ನು ಎಬ್ಬಿಸಿ ಇಡುವ ಕೆಲಸ ನನ್ನದಾಯಿತು. ನಂಬಿಕೆ ಯಾರದಾದರೂ ಇರಲಿ, ನನಗೆ ಅದರ ಬಗ್ಗೆ ತಕರಾರಿಲ್ಲ. ಇವರ ನಂಬಿಕೆಗೆ ಬೇಗ ಏಳುತ್ತಿದ್ದದ್ದು ನಾನು ಎಂಬುದಷ್ಟೇ ತಕರಾರು.

ಒಂದು ದಿನದ ಮಟ್ಟಿಗೆ ಅವರನ್ನು ಮೆಚ್ಚಿಕೊಂಡದ್ದೂ ಉಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. ನಮ್ಮ ಜವಾನನ ಹೆಂಡತಿಗೆ ಹೆರಿಗೆ ನೋವು ಬಂದಾಗ ಡೈರೆಕ್ಟರು ಬೆಳಿಗ್ಗೆಯಿಂದ ಸಂಜೆಯ ತನಕ ಆಸ್ಪತ್ರೆಯ ಜಗಲಿಯಲ್ಲಿ ವಾಚು ಹಿಡಿದು ನಿಂತಿದ್ದರು, ಊಟಕ್ಕೂ ಹೋಗದೆ. ಮಗು ಹುಟ್ಟಿತು. ಒಳಗಿನ ಗೋಡೆ ಗಡಿಯಾರಕ್ಕೂ ಇವರ ವಾಚಿಗೂ ನಾಲ್ಕು ನಿಮಿಷ ವ್ಯತ್ಯಾಸ. ನರ್ಸಿನ ಹತ್ತಿರ ಜಗಳ ಮಾಡಿ, ಬರೆದದ್ದನ್ನು ತಿದ್ದಿಸಿಯೇ ಬಂದರು. "ನಾಲ್ಕು ನಿಮಿಷಕ್ಕೆ ಜಾತಕವೇ ಬೇರೆ ಆಗ್ತದೆ. ಬಡವನ ಮಗು ಅಂತ ಎಂತದ್ದಾದ್ರೂ ಬರೆಯುದಾ?" ಎಂದು ಮರುದಿನವೂ ಸಿಟ್ಟಿನಲ್ಲಿದ್ದರು. ಜಾತಕವನ್ನು ತಾವೇ ಕೂತು ಬರೆದುಕೊಟ್ಟರು. ಒಂದು ಮಗುವಿಗೆ ನಾಲ್ಕು ನಿಮಿಷದ ಅನ್ಯಾಯ ಆಗಬಾರದೆಂದು ಹಸಿದು ನಿಂತ ಮನುಷ್ಯ ಇವರು ಎಂಬುದನ್ನು ಓದುವವರು ನೆನಪಿಟ್ಟುಕೊಳ್ಳಲಿ.

ಮೂರು ಗಡಿಯಾರಗಳ ರಗಳೆ ತಾಳಲಾರದೆ ನಾನೊಂದು ಪ್ರೋಗ್ರಾಮು ಬರೆಯಲು ಹೊರಟೆ. ಹೊರದೇಶಗಳಲ್ಲಿ ಜಾಲದ ಯಂತ್ರಗಳು ತಮ್ಮ ಗಡಿಯಾರಗಳನ್ನು ತಾವೇ ಹೊಂದಿಸಿಕೊಳ್ಳುತ್ತವೆ ಎಂದು ಕೈಪಿಡಿಯೊಂದರಲ್ಲಿ ಓದಿದ್ದೆ. ಉಪಾಯ ಸರಳ. ಒಂದು ಯಂತ್ರ ಹಿರಿಯನಂತೆ ಉಳಿದವುಗಳನ್ನು ನಿನ್ನಲ್ಲಿ ಗಂಟೆ ಎಷ್ಟು ಎಂದು ಕೇಳುವುದು. ಪ್ರಶ್ನೆ ಹೋಗಿ ಉತ್ತರ ಬರಲು ಹಿಡಿದ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು. ತೀರಾ ಹುಚ್ಚು ಉತ್ತರ ಕೊಟ್ಟವನನ್ನು ಬದಿಗಿಟ್ಟು, ಉಳಿದವರ ಸರಾಸರಿ ಹಿಡಿದು, ಅದನ್ನೇ ಎಲ್ಲರ ಸಮಯವೆಂದು ಸಾರುವುದು. ಇದರಲ್ಲಿ ಒಂದು ಸೂಕ್ಷ್ಮವಿದೆ. ಮುಂದೆ ಓಡಿದ ಗಡಿಯಾರವನ್ನು ಹಿಡಿದು ಹಿಂದಕ್ಕೆ ತಿರುಗಿಸಬಾರದು. ತಿರುಗಿಸಿದರೆ ಯಂತ್ರಕ್ಕೆ ಯಾವುದು ಮೊದಲು ಆದದ್ದು, ಯಾವುದು ಆಮೇಲೆ ಆದದ್ದು ಎಂದು ಗೊತ್ತಾಗುವುದಿಲ್ಲ. ಅದರ ಓಟವನ್ನು ಸ್ವಲ್ಪ ನಿಧಾನ ಮಾಡಬೇಕು, ಅಷ್ಟರಲ್ಲಿ ಉಳಿದವು ಬಂದು ಕೂಡಿಕೊಳ್ಳುತ್ತವೆ. ಎರಡು ತಿಂಗಳು ಕೂತು ಬರೆದೆ. ಆ ವಯಸ್ಸಿನಲ್ಲಿ ಅದಕ್ಕಿಂತ ಚೆಂದದ್ದು ನಾನು ಬೇರೇನೂ ಮಾಡಿರಲಿಲ್ಲ.

ಡೈರೆಕ್ಟರು ವಿವರಣೆಯನ್ನು ಕಣ್ಣು ಮುಚ್ಚಿ ಕೇಳಿದರು. "ಪುತ್ತೂರಿಗೆ ಗಂಟೆ ಎಷ್ಟು ಅಂತ ಕಡಬದತ್ರ ಕೇಳುದಾ?"

"ಕಡಬ ಒಂದೇ ಅಲ್ಲ ಸಾರ್, ಮೂರರದ್ದೂ ಸರಾಸರಿ."

"ಸಮಯಕ್ಕೆ ಎಂತ ಸರಾಸರಿ ಮಾರಾಯ? ನಾಳೆ ಮೂರು ಜನ ಸೇರಿ ಸೂರ್ಯ ಎಲ್ಲಿ ಹುಟ್ಬೇಕು ಅಂತ ಓಟು ಹಾಕ್ತೀರಾ? ನಾನು ಇಲ್ಲಿ ಕೂತದ್ದು ಎಂತಕ್ಕೆ?"

ಪ್ರೋಗ್ರಾಮು ಅಲ್ಲಿಗೆ ನಿಂತಿತು. ಬೆಳಗಿನ ಒಂದು ಬೆರಳಿನ ಪೂಜೆ ಮುಂದುವರಿಯಿತು.

ಈಗ ಲಲಿತಳ ವಿಷಯ ಹೇಳಬೇಕು. ಲಲಿತ ಪೆರಾಬೆಯವಳು. ರಾಮಕುಂಜದಲ್ಲಿ ಶಾಲೆ ಮುಗಿಸಿ, ಟೈಪಿಂಗ್ ಕಲಿತು, ನಮ್ಮಲ್ಲಿಗೆ ತರಬೇತಿಗೆ ಬಂದವಳು ಆರು ತಿಂಗಳಲ್ಲಿ ಪ್ರೋಗ್ರಾಮು ಬರೆಯುವುದಕ್ಕೂ ಕಲಿತಳು. ಟ್ರಸ್ಟಿನವರು ಒಂದು ವರ್ಷದ ಮಟ್ಟಿಗೆ ಕೆಲಸಕ್ಕೆ ತೆಗೆದುಕೊಂಡಿದ್ದರು, ವರ್ಷ ಮುಗಿದರೆ ಖಾಯಂ. ಎರಡು ಬಸ್ಸು ಬದಲಾಯಿಸಿ ಬರುವವಳು ವಾರಕ್ಕೆರಡು ದಿನ ತಡವಾಗುತ್ತಿದ್ದಳು. ತಡವಾದ ದಿನ ಹಾಜರಿ ಪುಸ್ತಕದಲ್ಲಿ ಬಂದ ಹೊತ್ತನ್ನೇ ಬರೆಯುವ ಒಬ್ಬಳೇ ಒಬ್ಬಳು ನಮ್ಮಲ್ಲಿ ಅವಳು. ನಾವೆಲ್ಲ ಎಷ್ಟು ಹೊತ್ತಿಗೆ ಬಂದರೂ ಒಂಬತ್ತು ಎಂದೇ ಬರೆಯುವವರು. ಮನೆಯಲ್ಲಿ ಅವಳಿಗೆ ಬೇಡದ ಒಂದು ಸಂಬಂಧ ಗೊತ್ತುಮಾಡಿ ಕೂತಿದ್ದರು. "ಖಾಯಂ ಆದ್ರೆ ನನ್ನ ಮಾತು ನಡೀತದೆ. ಇಲ್ಲದ್ರೆ ಅವರದ್ದು" ಎಂದು ನನಗೊಮ್ಮೆ ಹೇಳಿದ್ದಳು. ವರ್ಷ ತುಂಬಲು ಇನ್ನೊಂದು ತಿಂಗಳಿತ್ತು.

ಆಗ ಬಂದದ್ದು ಬಸ್ಸಿನ ಕೆಲಸ. ಪುತ್ತೂರು, ಸುಳ್ಯ, ಕಡಬದ ಸುತ್ತ ಓಡುವ ಬಸ್ಸುಗಳ ಮಾಲಕರು ಕೆಲವರು ಸೇರಿ, ಎಲ್ಲ ಬಸ್ಸುಗಳ ವೇಳಾಪಟ್ಟಿಯನ್ನು ಕಂಪ್ಯೂಟರಿನಲ್ಲಿ ಮಾಡಿಕೊಡಿ ಎಂದು ಕೇಳಿದರು. ನಾವು ಪ್ರೋಗ್ರಾಮು ಟೇಪಿನಲ್ಲಿ ಕೊಡುವುದು, ಮಂಗಳೂರಿನಲ್ಲಿ ದೊಡ್ಡ ಯಂತ್ರದಲ್ಲಿ ಅದನ್ನು ಓಡಿಸಿ ಅಚ್ಚು ಹಾಕಿಸಿ ಬಸ್‌ಸ್ಟ್ಯಾಂಡುಗಳಲ್ಲಿ ಅಂಟಿಸುವುದು. ಪ್ರೋಗ್ರಾಮು ಲಲಿತಳದ್ದು. ಒಂದು ಶುಕ್ರವಾರ ಟೇಪು ಒಯ್ಯಲು ಮಾಲಕರ ಕಡೆಯ ಒಬ್ಬರು ಬಂದು ಕೂತರು.

ಆವತ್ತು ಲಲಿತ ಬಂದಾಗ ಒಂಬತ್ತೂ ನಲವತ್ತು, ಹಾಗೆಯೇ ಬರೆದಳು. ಹತ್ತೂ ಕಾಲಿಗೆ ಪ್ರೋಗ್ರಾಮನ್ನು ಪುತ್ತೂರು ಯಂತ್ರದಲ್ಲಿ ಕಟ್ಟಿ, ಎಂದರೆ ಬರೆದ ಸಾಲುಗಳನ್ನು ಯಂತ್ರದ ಭಾಷೆಗೆ ತಿರುಗಿಸಿ, ಓಡಿಸಿದೆವು. ಬಂದ ಹಾಳೆಯಲ್ಲಿ ಒಂದು ತಪ್ಪು ಕಂಡಿತು. ಮಧ್ಯಾಹ್ನ ಹನ್ನೆರಡರ ಮೇಲಿನ ಬಸ್ಸುಗಳಿಗೆಲ್ಲ ರಾತ್ರಿ ಎಂದು ಬಿದ್ದಿತ್ತು. "ಒಂದೇ ಸಾಲು ಸಾರ್, ಹತ್ತು ನಿಮಿಷ ಕೊಡಿ" ಎಂದಳು ಲಲಿತ. ಅಷ್ಟರಲ್ಲಿ ಡೈರೆಕ್ಟರು ಒಳಗೆ ಬಂದರು. ಹತ್ತೂ ಮೂವತ್ತೈದು ಆಗಿತ್ತು.

"ಈಗ ಎಂತದ್ದೂ ಸುರುಮಾಡ್ಲಿಕ್ಕಿಲ್ಲ. ಮೊದಲ ದೊಡ್ಡ ಕೆಲಸ ನಮ್ಮದು. ಹನ್ನೆರಡು ಕಳೀಲಿ."

ಟೇಪಿಗೆ ಬಂದವರು ಎದ್ದು ನಿಂತರು. "ಹನ್ನೆರಡಕ್ಕೆ ನನ್ನ ಬಸ್ಸು ಮಾರಾಯ್ರೆ. ಇವತ್ತು ಟೇಪು ಮುಟ್ಟದಿದ್ರೆ ಮಂಗಳೂರಿನವರು ಬೇರೆ ಕೆಲಸ ಹಿಡೀತಾರೆ. ಆಮೇಲೆ ನಾವೂ ಬೇರೆಯವರನ್ನು ನೋಡ್ಬೇಕಾಗ್ತದೆ."

ಡೈರೆಕ್ಟರು ಒಂದು ಗಳಿಗೆ ಯೋಚಿಸಿದರು. ಆಮೇಲೆ ಚಪ್ಪಲಿ ಬಿಟ್ಟು, ಪುತ್ತೂರನ್ನು ಇಟ್ಟಿದ್ದ ಗಾಜಿನ ಕೋಣೆಯೊಳಗೆ ಹೋಗಿ, ಅದರ ಎದುರು ಕೂತು, ಒಂದು ಬೆರಳಿನಿಂದ ಹತ್ತು ಅಂಕೆ ಒತ್ತಿದರು. ನಾನು ಬೆನ್ನ ಹಿಂದೆ ನಿಂತಿದ್ದೆ. ಲಲಿತ ಹೊರಗೆ ಕಡಬದ ಎದುರಿದ್ದಳು.

"ನೋಡು. ಒಂಬತ್ತೂ ಹತ್ತು. ಒಳ್ಳೆ ಗಳಿಗೆ. ಸುರುಮಾಡಿ."

"ಸಾರ್, ಗಡಿಯಾರ ಹಿಂದೆ ಹೋದ್ರೆ ಕಡತಗಳ ಹೊತ್ತೆಲ್ಲ..."

"ಕೆಲಸ ಮಾಡುದು ನೀನಾ, ಮಿಶಿನಾ? ಮಿಶಿನ್. ಮಿಶಿನಿನ ಒಳಗೆ ಈಗ ಒಂಬತ್ತೂ ಹತ್ತು. ಯಂತ್ರಕ್ಕೆ ರಾಹುಕಾಲ ಇಲ್ಲ. ನೀನು ನಿನ್ನ ವಾಚು ನೋಡ್ಬೇಡ."

ತಾನು ಹೆದರುವ ದೇವರ ಕಣ್ಣಿಗೇ ಮಣ್ಣೆರಚುವ ಈ ಭಕ್ತಿಯನ್ನು ಕಂಡು ನನಗೆ ನಗು ತಡೆಯಲಾಗಲಿಲ್ಲ. ಬಂದವರನ್ನು ಕರೆದುಕೊಂಡು ಚಹಾಕ್ಕೆ ಹೋದೆ, ದಾರಿಯುದ್ದಕ್ಕೂ ಒಳಗೊಳಗೇ ನಗುತ್ತಿದ್ದೆ. ಲಲಿತಳಿಗೆ ಒಂದು ಮಾತು ಹೇಳಿ ಹೋಗಬೇಕೆಂದು ಹೊಳೆಯಲಿಲ್ಲ. ನಗುವುದರಲ್ಲಿದ್ದೆ.

ಅವಳು ಕಡಬದಲ್ಲಿ ಕೂತು, ತಂತಿಯ ಮೂಲಕ ಪುತ್ತೂರಿನೊಳಗೆ ಹೋಗಿ, ತಪ್ಪಿದ್ದ ಸಾಲನ್ನು ತಿದ್ದಿ ಉಳಿಸಿದಳು. ಪುತ್ತೂರು ಆ ಕಡತದ ಮೇಲೆ ಒಂಬತ್ತೂ ಇಪ್ಪತ್ತು ಎಂದು ಬರೆದುಕೊಂಡಿತು. ಆಮೇಲೆ ಪ್ರೋಗ್ರಾಮನ್ನು ಕಟ್ಟುವ ಆಜ್ಞೆ ಕೊಟ್ಟಳು. ಯುನಿಕ್ಸಿನಲ್ಲಿ ಈ ಆಜ್ಞೆ ಮೈಗಳ್ಳ ಆಳಿನಂಥದ್ದು. ತಿದ್ದಿದ ಕಡತ ಕಟ್ಟಿದ ಪ್ರೋಗ್ರಾಮಿಗಿಂತ ಹೊಸತಾಗಿದ್ದರೆ ಮಾತ್ರ ಮತ್ತೆ ಕಟ್ಟುತ್ತದೆ, ಇಲ್ಲದಿದ್ದರೆ ಎಲ್ಲ ಸರಿಯಿದೆ ಎಂದು ಹೇಳಿ ಸುಮ್ಮನಾಗುತ್ತದೆ. ತಪ್ಪು ಪ್ರೋಗ್ರಾಮಿನ ಮೇಲೆ ಹತ್ತೂ ಕಾಲು, ತಿದ್ದಿದ ಕಡತದ ಮೇಲೆ ಒಂಬತ್ತೂ ಇಪ್ಪತ್ತು. ಎಲ್ಲ ಸರಿಯಿದೆ ಎಂದು ಯಂತ್ರ ಹೇಳಿತು. ನಾನು ಚಹಾ ಕುಡಿದು ಬಂದು ಅದೇ ತಪ್ಪು ಪ್ರೋಗ್ರಾಮನ್ನು ಟೇಪಿಗೆ ಹಾಕಿ ಕೊಟ್ಟೆ. ಹನ್ನೆರಡು ಕಳೆದ ಮೇಲೆ ಡೈರೆಕ್ಟರು ಪುತ್ತೂರಿನ ಗಡಿಯಾರವನ್ನು ಮತ್ತೆ ವಾಚಿಗೆ ಸರಿಯಾಗಿ ಹೊಂದಿಸಿ ಊಟಕ್ಕೆ ಹೋದರು.

ಹತ್ತು ದಿನದಲ್ಲಿ ಮೂರೂ ಊರಿನ ಬಸ್‌ಸ್ಟ್ಯಾಂಡುಗಳಲ್ಲಿ ವೇಳಾಪಟ್ಟಿ ಅಂಟಿತು. ಸುಳ್ಯಕ್ಕೆ ಹೋಗುವ ಮಧ್ಯಾಹ್ನದ ಬಸ್ಸುಗಳೆಲ್ಲ ರಾತ್ರಿ ಬಸ್ಸುಗಳಾಗಿದ್ದವು. ಕಡಬದಲ್ಲಿ ಜನ ಕಂಡಕ್ಟರನ್ನು ಹಿಡಿದು, "ರಾತ್ರಿ ಹನ್ನೆರಡೂವರೆಗೆ ಬರ್ತೇವೆ, ಟಿಕೇಟು ಕೊಡ್ತೀರಾ?" ಎಂದು ಕೀಟಲೆ ಮಾಡಿದರಂತೆ. ಮಾಲಕರು ಟ್ರಸ್ಟಿನವರಲ್ಲಿಗೆ ಬಂದು ಹಾರಾಡಿದರು. ಟ್ರಸ್ಟಿನವರು ಡೈರೆಕ್ಟರನ್ನು ಕೇಳಿದರು. ಡೈರೆಕ್ಟರು ಒಂದು ಹಾಳೆ ತೋರಿಸಿದರು. ತಿದ್ದುಪಡಿ ಮಾಡಿದ್ದು ಒಂಬತ್ತೂ ಇಪ್ಪತ್ತಕ್ಕೆ ಎಂದು ಯಂತ್ರದ ದಾಖಲೆ, ಲಲಿತ ಬಂದದ್ದು ಒಂಬತ್ತೂ ನಲವತ್ತಕ್ಕೆ ಎಂದು ಹಾಜರಿ ಪುಸ್ತಕ. ಬರುವ ಮೊದಲೇ ತಿದ್ದಿದ್ದು ಹೇಗೆ? ಆಮೇಲೆ ಯಾವಾಗಲೋ ಕೂತು, ಕಡತದ ಮೇಲಿನ ಹೊತ್ತು ಬದಲಾಯಿಸಿ, ತಿದ್ದಿದ ಹಾಗೆ ತೋರಿಸಿದ್ದಾಳೆ. ಹಾಗೆಂದು ಅವರು ಹೇಳಿದರು. ಗಡಿಯಾರ ತಿರುಗಿಸಿದ ಬೆರಳನ್ನೇ ಆ ಹಾಳೆಯ ಮೇಲಿಟ್ಟು ಹೇಳಿದರು.

ಲಲಿತ ನನ್ನಲ್ಲಿಗೆ ಬಂದಳು. ನಾನು ಆಗಲೇ ದಾಖಲೆಗಳನ್ನು ತೆಗೆದು ನೋಡಿದ್ದೆ. ಅವಳು ಪುತ್ತೂರಿನೊಳಗೆ ಹೋದದ್ದು ಹತ್ತೂ ಮುಕ್ಕಾಲಿಗೆ ಎಂದು ಕಡಬ ಬರೆದಿಟ್ಟಿತ್ತು. ಅದಕ್ಕಿಂತ ಮುಖ್ಯ, ಯಾರಾದರೂ ಗಡಿಯಾರ ತಿದ್ದಿದರೆ ಯುನಿಕ್ಸ್ ಅದನ್ನು ಗುಟ್ಟಾಗಿ ಎರಡು ಸಾಲಿನಲ್ಲಿ ಗುರುತು ಹಾಕುತ್ತದೆ, ಹಳೆಯ ಹೊತ್ತು, ಹೊಸ ಹೊತ್ತು. ಎರಡೂ ಸಾಲು ಅಲ್ಲಿದ್ದವು. ಅಚ್ಚು ತೆಗೆದು ಅವಳಿಗೆ ತೋರಿಸಿದೆ.

"ಹಾಗಾದ್ರೆ ನೀವೇ ನೋಡಿದ್ದಲ್ವಾ ಸಾರ್?"

"ನೋಡಿದ್ದೇನೆ."

"ಹೇಳ್ತೀರಾ?"

"ಹೇಳ್ತೇನೆ" ಎಂದೆ. ಆ ಕ್ಷಣಕ್ಕೆ ಅದು ಸತ್ಯವೇ ಆಗಿತ್ತು.

ಟ್ರಸ್ಟಿನವರು ವಿಚಾರಣೆ ಇಟ್ಟರು. ಅದರ ಹಿಂದಿನ ದಿನ ಡೈರೆಕ್ಟರು ನನ್ನನ್ನು ಕೋಣೆಗೆ ಕರೆದರು. ಅವರಾಗಿಯೇ ಚಹಾ ತರಿಸಿದರು, ಅದು ಮೊದಲ ಸಲ. ಶುಕ್ರವಾರದ ಮಾತು ಎತ್ತಲೇ ಇಲ್ಲ.

"ನಿನ್ನದೊಂದು ಪ್ರೋಗ್ರಾಮು ಉಂಟಲ್ಲ, ಸರಾಸರಿದ್ದು. ನಾನು ಯೋಚನೆ ಮಾಡಿದೆ. ಒಳ್ಳೇದುಂಟು. ಬರುವ ತಿಂಗಳಿಂದ ಹಾಕುವ. ಮಂಗಳೂರಿನವರನ್ನೂ ಕರೆದು ತೋರಿಸುವ, ನಿನ್ನ ಹೆಸರಲ್ಲೇ. ಎಂತ?"

ನಾನು ಹೂಂ ಎಂದೆ. ಎರಡು ತಿಂಗಳು ನಿದ್ದೆಗೆಟ್ಟು ಬರೆದದ್ದು ಓಡುತ್ತದೆ ಎಂಬ ಖುಷಿ ಗಂಟಲಿನ ತನಕ ಬಂದಿತ್ತು. ಅದು ಲಂಚ ಎಂದು ನನಗೆ ಗೊತ್ತಾಗಲಿಲ್ಲ ಎಂದು ಬರೆದರೆ ನಾನೂ ಅವರ ಸಾಲಿನವನೇ. ಗೊತ್ತಾಗಿತ್ತು. ಚಹಾ ಪೂರ್ತಿ ಕುಡಿದೆ.

ವಿಚಾರಣೆ ಇಟ್ಟದ್ದು ಒಂದು ಮಂಗಳವಾರ, ಮಧ್ಯಾಹ್ನ ಎರಡು ಗಂಟೆಗೆ. ಡೈರೆಕ್ಟರ ಕೋಣೆಯಲ್ಲಿ ಅವರು, ಟ್ರಸ್ಟಿನ ಕಾರ್ಯದರ್ಶಿ, ಲಲಿತ ಮತ್ತು ನಾನು. ನನ್ನ ಅಂಗಿಯ ಕಿಸೆಯಲ್ಲಿ ಆ ಎರಡು ಸಾಲಿನ ಕಾಗದ ಮಡಚಿ ಇತ್ತು. ಲಲಿತ ನಿಂತುಕೊಂಡೇ ಹೇಳಿದಳು, ತಾನು ತಿದ್ದಿದ್ದು ಹತ್ತೂವರೆಯ ಮೇಲೆ, ಆವತ್ತು ಯಂತ್ರದ ಗಡಿಯಾರ ಹಿಂದೆ ಇತ್ತು ಎಂದು.

ಕಾರ್ಯದರ್ಶಿ ನನ್ನನ್ನು ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು, ಅಡಿಕೆಯ ತೂಕ ಕೇಳುವಷ್ಟೇ ನೇರವಾಗಿ ಕೇಳಿದರು. "ಮಿಶಿನಿನ ಗಡಿಯಾರ ಹಿಂದೆ ಹೋಗುದು ಅಂತ ಉಂಟಾ?"

"ಕೆಲವು ಸಲ... ಕರೆಂಟು ಹೋದ್ರೆ..." ಎಂದೆ.

"ಆವತ್ತು ಕರೆಂಟು ಹೋಗ್ಲಿಲ್ಲ" ಎಂದರು ಡೈರೆಕ್ಟರು.

ಲಲಿತ ನನ್ನ ಕಡೆ ತಿರುಗಿದಳು. ನಾನು ಮೇಜಿನ ಮೇಲಿದ್ದ ಪಂಚಾಂಗವನ್ನು ನೋಡುತ್ತಿದ್ದೆ. ಅವಳು ಸ್ವಲ್ಪ ಹೊತ್ತು ಕಾದಳು. ನನಗಾಗಿ ಕಾಯುತ್ತಿದ್ದಾಳೆಂದು ಕಾರ್ಯದರ್ಶಿಗೂ ತಿಳಿದಿರಬೇಕು, ಅವರೂ ಕಾದರು.

ಆಗ ಡೈರೆಕ್ಟರು ದೊಡ್ಡ ಮನಸ್ಸು ಮಾಡಿದರು. ಅವರ ದೊಡ್ಡ ಮನಸ್ಸಿನಷ್ಟು ಅಸಹ್ಯವಾದ ವಸ್ತುವನ್ನು ನಾನು ಬೇರೆ ನೋಡಿಲ್ಲ. ದನಿ ಇಳಿಸಿ, ಮಗಳಿಗೆ ಹೇಳುವ ಹಾಗೆ ಹೇಳಿದರು. "ನೋಡು ಮಗಾ, ಮೋಸ ಅಂತ ಬರೆದ್ರೆ ನಿನಗೆ ಬೇರೆ ಎಲ್ಲಿಯೂ ಕೆಲಸ ಸಿಕ್ಕುದಿಲ್ಲ. ಅದು ನನಗೆ ಬೇಡ. ಹಾಜರಿಯಲ್ಲಿ ಆ ನಲವತ್ತನ್ನು ತೆಗೆದು ಒಂಬತ್ತು ಅಂತ ಮಾಡುವ. ಆಗ ಒಂಬತ್ತೂ ಇಪ್ಪತ್ತಕ್ಕೆ ನೀನು ತಿದ್ದಿದ್ದು ಸರಿ ಆಗ್ತದೆ. ಟೇಪಿಗೆ ಹಳೇದು ಹೋದದ್ದು ಬರೀ ಅಜಾಗ್ರತೆ. ಒಂದು ಕ್ಷಮಾಪಣೆ ಬರೆದುಕೊಡು. ಬರುವ ತಿಂಗಳು ಖಾಯಂ. ನಾನು ಮಾತು ಕೊಡ್ತೇನೆ."

ಆ ಸುಳ್ಳು ನೆಟ್ಟಗೆ ನಿಲ್ಲುವಂಥದ್ದೂ ಆಗಿರಲಿಲ್ಲ. ಒಂಬತ್ತೂ ಇಪ್ಪತ್ತಕ್ಕೆ ನಿಜವಾಗಿ ತಿದ್ದಿದ್ದರೆ ಹತ್ತೂ ಕಾಲಿಗೆ ಕಟ್ಟಿದ ಪ್ರೋಗ್ರಾಮಿನಲ್ಲಿ ತಪ್ಪೇ ಇರುತ್ತಿರಲಿಲ್ಲ. ಇದು ಆ ಕೋಣೆಯಲ್ಲಿ ನನಗೆ ಗೊತ್ತಿತ್ತು, ಲಲಿತಳಿಗೆ ಗೊತ್ತಿತ್ತು. ಕಾರ್ಯದರ್ಶಿಗೆ ಮಾತ್ರ ಇದೊಂದು ಒಳ್ಳೆಯ ರಾಜಿಯಂತೆ ಕಂಡಿತು. ಅವರು ಸಮಾಧಾನದ ಉಸಿರು ಬಿಟ್ಟು ಹಾಜರಿ ಪುಸ್ತಕ ತರಿಸಿದರು. ಡೈರೆಕ್ಟರು ತಾವೇ ಪೆನ್ನು ತೆರೆದು, ಆ ಶುಕ್ರವಾರದ ಸಾಲಿನಲ್ಲಿ ನಲವತ್ತನ್ನು ಹೊಡೆದುಹಾಕಿ, ಒಂಬತ್ತು ಎಂದು ದುಂಡಗೆ ಬರೆದು, ಪುಸ್ತಕವನ್ನು ಲಲಿತಳ ಮುಂದೆ ತಿರುಗಿಸಿದರು.

"ಸಹಿ ಹಾಕು. ಬೇಗ ಆಗ್ಲಿ. ಮೂರಕ್ಕೆ ರಾಹುಕಾಲ ಸುರು."

ಲಲಿತ ಪೆನ್ನು ತೆಗೆದುಕೊಂಡಳು. ನನಗೆ ಅವಳು ಸಹಿ ಹಾಕಲಿ ಎಂದಿತ್ತು. ಹಾಕಿದರೆ ಅವಳ ಕೆಲಸ ಉಳಿಯುತ್ತದೆ, ನಾನು ಬಾಯಿ ಮುಚ್ಚಿದ್ದೂ ಅವಳ ಒಳ್ಳೆಯದಕ್ಕೇ ಎಂದು ಮುಂದೆ ಹೇಳಿಕೊಳ್ಳಬಹುದು.

"ನಾನು ಆವತ್ತು ಲೇಟಾಗಿ ಬಂದದ್ದು ಸಾರ್" ಎಂದಳು. "ಬಸ್ಸು ತಪ್ಪಿತು. ಲೇಟಾದದ್ದು ನನ್ನ ತಪ್ಪು, ಅದಕ್ಕೆ ಬೇಕಾದ್ರೆ ಕ್ಷಮಾಪಣೆ ಬರೀತೇನೆ. ಬೇರೆಯದಕ್ಕೆ ಬರೆಯುದಿಲ್ಲ."

ಡೈರೆಕ್ಟರ ಒಂಬತ್ತರ ಕೆಳಗೆ ಅವಳು ಒಂಬತ್ತು ನಲವತ್ತು ಎಂದು ಮತ್ತೆ ಬರೆದಳು. ಅದರ ಮುಂದೆ ಸಹಿ ಹಾಕಿದಳು. ಪೆನ್ನನ್ನು ಮುಚ್ಚಿ ಮೇಜಿನ ಮೇಲಿಟ್ಟು ಹೊರಗೆ ಹೋದಳು. ಬಾಗಿಲ ಹೊರಗೆ ಅವಳು ಚಪ್ಪಲಿ ಹುಡುಕುವ ಸದ್ದು ಕೇಳುತ್ತಿತ್ತು.

ಕಾರ್ಯದರ್ಶಿ ಪುಸ್ತಕವನ್ನು ನೋಡಿದರು, ಡೈರೆಕ್ಟರನ್ನು ನೋಡಿದರು. "ಈಗ ಇದರಲ್ಲಿ ಯಾವುದು ಮಾರಾಯ್ರೆ?"

"ಸಾಕ್ಷಿ ಉಂಟಲ್ಲ" ಎಂದರು ಡೈರೆಕ್ಟರು. ಪುಸ್ತಕವನ್ನು ನನ್ನ ಕಡೆಗೆ ತಳ್ಳಿದರು. ವಾಚು ನೋಡಿಕೊಂಡರು. "ಎರಡೂ ಐವತ್ತೇಳು. ಹಾಕು ಮಾರಾಯ, ಯಾವುದು ಸರಿಯೋ ಅದರ ಹತ್ರ ಒಂದು ಸಹಿ ಹಾಕು."

ಒಂದೇ ಸಾಲಿನಲ್ಲಿ ಎರಡು ಹೊತ್ತುಗಳಿದ್ದವು. ಎರಡಕ್ಕೂ ಸರಾಸರಿ ಹಿಡಿಯುವ ಹಾಗಿರಲಿಲ್ಲ. ಹೊರಗೆ ಚಪ್ಪಲಿಯ ಸದ್ದು ಮೆಟ್ಟಿಲಿಳಿಯಿತು. ನಾನು ಡೈರೆಕ್ಟರ ಒಂಬತ್ತರ ಪಕ್ಕದಲ್ಲಿ ಸಹಿ ಹಾಕಿದೆ.